ಗದ್ದೆಯ ಬದುವಿನಲ್ಲಿ ನಮ್ಮ ಮಾವ

ಮಳೆಗಾಲದಲ್ಲಿ ಮಡಗಾಂವ್ ಮಾರ್ಕೆಟ್ಟಿಗೆ ಹೋದರೆ, ಗೋಣಿ ಹಾಸಿ ಕುಳಿತ ಹೆಂಗಸರ ಮುಂದೆ ಸಣ್ಣ ಸಣ್ಣ ಸೊಪ್ಪಿನ ಕಟ್ಟುಗಳು ಕಾಣುತ್ತವೆ. ಚಗಟೆ, ಸುರುಳಿ ಬಿಚ್ಚದ ಕೆಸುವಿನೆಲೆ, ಹೆಚ್ಚಿಟ್ಟ ಕಳಲೆ, ಮೈತುಂಬ ಮುಳ್ಳಿನ ಮಾಡಹಾಗಲಕಾಯಿ. ಕಾಡಿನ ತರಕಾರಿ ಅಂತ ಜನ ಆಸೆಪಟ್ಟು ಕೊಳ್ಳುತ್ತಾರೆ. ನಾನೂ ಕೊಳ್ಳುತ್ತೇನೆ. ಆದರೆ ಅದರಲ್ಲಿ ಜಾಸ್ತಿ ಪಾಲು ಕಾಡಿನಿಂದ ಬಂದದ್ದಲ್ಲ ಅನ್ನುವುದು ನನಗೆ ಗೊತ್ತಾದದ್ದು ನಮ್ಮ ಮಾವನ ಜೊತೆ ಓಡಾಡಿದ ಮೇಲೆ. ಅವು ಗದ್ದೆಯ ಬದುವಿನಲ್ಲಿ ಬರುವಂಥವು. ಬಾವಿಯ ನೀರು ಹರಿದು ಹೋಗುವ ಕಡೆ, ದನ ಓಡಾಡುವ ದಾರಿಯಲ್ಲಿ, ತೋಟದ ಬೇಲಿಯಲ್ಲಿ ಬರುವಂಥವು. ಯಾರೋ ಉಳುತ್ತಿದ್ದಾರೆ, ಯಾರೋ ಬದು ಕಟ್ಟುತ್ತಿದ್ದಾರೆ, ಅದಕ್ಕೇ ಅವು ಅಲ್ಲಿವೆ.

ಮಾವ ಅಂದರೆ ಅಮ್ಮನ ದೊಡ್ಡಣ್ಣ. ದಕ್ಷಿಣ ಗೋವಾದ ಕಾಣಕೋಣದಲ್ಲಿ, ಗಾಲ್ಜಿಬಾಗದ ಹತ್ತಿರ, ಹೆಚ್ಚುಕಡಿಮೆ ಐವತ್ತು ವರ್ಷ ಬೇಸಾಯ ಮಾಡಿದವರು. 2023ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಒಳ್ಳೆಯ ರೈತರಾಗಿದ್ದರು ಅಂತ ಒಂದು ಮಾತು ಹೇಳಿ ಮುಗಿಸಬಹುದು. ಆದರೆ ಅವರು ಬೆಳೆದದ್ದಕ್ಕೂ ಹೆಕ್ಕಿ ತಂದದ್ದಕ್ಕೂ ಇದ್ದ ನಂಟನ್ನು ಬಿಟ್ಟರೆ ಅವರ ಬಗ್ಗೆ ಏನೂ ಹೇಳಿದ ಹಾಗಾಗುವುದಿಲ್ಲ.

ಅವರು ಹುಟ್ಟಿದ್ದು ಕುಮಟಾ ಕಡೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ. ಅಲ್ಲಿರುವುದು ಗಜನಿ ಗದ್ದೆಗಳು. ಉಬ್ಬರದ ಉಪ್ಪುನೀರು ಒಳಗೆ ನುಗ್ಗದಂತೆ ಒಡ್ಡು ಕಟ್ಟಿರುತ್ತಾರೆ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಉಪ್ಪು ತಡೆಯುತ್ತದೆ, ಎತ್ತರಕ್ಕೆ ಬೆಳೆದು ನೆರೆನೀರಿನಲ್ಲೂ ತಲೆ ಎತ್ತಿ ನಿಲ್ಲುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟರೆ ಸಿಗಡಿ, ಮೀನು. ಇಳಿತದ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು. ಅನ್ನ ಬೆಳೆಯುವ ಜಾಗವೇ ಮೀನು ಹಿಡಿಯುವ ಜಾಗ. ಇದನ್ನು ನೋಡುತ್ತ ಬೆಳೆದವರಿಗೆ ಬೇಸಾಯ ಬೇರೆ, ಹೆಕ್ಕುವುದು ಬೇರೆ ಅಂತ ಯಾಕೆ ಅನಿಸಬೇಕು? 2024ರ ಶುರುವಿನಲ್ಲಿ ಅಘನಾಶಿನಿ ಅಳಿವೆಗೆ ರಾಮ್‌ಸರ್ ತಾಣದ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದು ಅನ್ನುವ ಮಾನ್ಯತೆ ಬಂತು. ಆ ಸುದ್ದಿ ಓದುವಾಗ ನನಗೆ ಮೊದಲು ನೆನಪಾದದ್ದು ಮಾವ.

1970ರ ಆಸುಪಾಸಿನಲ್ಲಿ ಅವರು ಗೋವಾಕ್ಕೆ ಬಂದರು. ಆಗ ಕಾರವಾರದಲ್ಲಿ ಕಾಳಿ ನದಿಗೆ ಸೇತುವೆ ಇರಲಿಲ್ಲ. ಕೋಡಿಬಾಗದಲ್ಲಿ ನೀರು ದಾಟಿ, ಸದಾಶಿವಗಡದಿಂದ ಮುಂದೆ ಬರಬೇಕಿತ್ತು. ಊರಲ್ಲಿ ಅಣ್ಣತಮ್ಮಂದಿರು ಜಾಸ್ತಿ, ಭೂಮಿ ಕಮ್ಮಿ. ಕಾಣಕೋಣದಲ್ಲಿ ತೆಂಗಿನ ತೋಟದ ಕೆಲಸ ಇದೆ ಅಂತ ಯಾರೋ ಹೇಳಿದ್ದರು. ಹೆಗಲ ಚೀಲದಲ್ಲಿ ಎರಡು ಅಂಗಿ, ಒಂದು ಪಂಚೆ, ಟವೆಲಿನಲ್ಲಿ ಗಂಟು ಕಟ್ಟಿದ ಕಗ್ಗ ಬೀಜ. ಕೂಲಿಗೆ ಹೊರಟವರು ಬೀಜ ಯಾಕೆ ತಂದಿರಿ ಅಂತ ಒಮ್ಮೆ ಕೇಳಿದ್ದೆ. "ಗದ್ದೆ ಎಲ್ಲಾದ್ರೂ ಸಿಕ್ಕರೆ ಬೀಜ ಹುಡುಕ್ತಾ ಕೂರೂಕೆ ಆಗ್ತದ್ಯಾ ತಂಗೀ" ಅಂದಿದ್ದರು.

ಗದ್ದೆ ಸಿಕ್ಕಿತು. ತೋಟದ ಪಕ್ಕದ ಮನೆಯಲ್ಲಿ ಗಂಡು ಮಕ್ಕಳಿರಲಿಲ್ಲ. ಆ ಮನೆಯ ಮಗಳೇ ನಮ್ಮ ಅತ್ತೆ. ಮಾವ ಅಲ್ಲೇ ಮನೆ ಅಳಿಯನಾಗಿ ನಿಂತರು. ಅತ್ತೆ ಕೊಂಕಣಿ, ಮಾವ ಕನ್ನಡ. ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು ಅಂತ ಕೇಳಿದರೆ ಹೇಳುವುದು ಕಷ್ಟ. ಒಂದು ವಾಕ್ಯ ಕುಮಟಾದಲ್ಲಿ ಹೊರಟು ಕಾಣಕೋಣದಲ್ಲಿ ಮುಗಿಯುತ್ತಿತ್ತು.

ಆ ಮನೆಯ ಜಾಗ ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕು. ಮೇಲೆ ಕೆಂಪು ಕಲ್ಲಿನ ಗುಡ್ಡ, ಗೇರು ಮರಗಳು. ಗುಡ್ಡದ ಇಳಿಜಾರಿನಲ್ಲಿ ಮಳೆನೀರಿಗೇ ಬೆಳೆಯುವ ಒಂದಿಷ್ಟು ಖೋಲಾ ಮೆಣಸಿನಕಾಯಿ. ಪಕ್ಕದ ಖೋಲಾ ಊರಿನ ಹೆಸರಿನ ಈ ಮೆಣಸಿನಕಾಯಿಗೆ 2019ರಲ್ಲಿ ಜಿಐ ಗುರುತು, ಅಂದರೆ ಆ ಊರಿನದೇ ಬೆಳೆ ಅನ್ನುವ ಮಾನ್ಯತೆ ಬಂತು. ಮನೆಯ ಹಿಂದೆ ತೆಂಗು, ಅಡಿಕೆ, ಬಾಳೆ, ಕಾಳುಮೆಣಸಿನ ಬಳ್ಳಿ ಎಲ್ಲ ಕೂಡಿದ ಕುಳಾಗರ. ಅದರ ಕೆಳಗೆ ಮೇಲಿನ ಗದ್ದೆ. ಇನ್ನೂ ಕೆಳಗೆ, ಹೊಳೆಗೆ ತಾಗಿಕೊಂಡು, ಕೆಳಗಿನ ಗದ್ದೆ. ಗೋವಾದಲ್ಲಿ ಇಂಥದ್ದಕ್ಕೆ ಖಾಜನ್ ಅನ್ನುತ್ತಾರೆ. ಗಜನಿಯದೇ ಪದ್ಧತಿ. ಮಣ್ಣಿನ ಒಡ್ಡು, ಒಡ್ಡಿಗೊಂದು ಮರದ ಬಾಗಿಲು. ಹೊಳೆ ಏರಿದಾಗ ನೀರಿನ ಒತ್ತಡಕ್ಕೆ ಅದೇ ಮುಚ್ಚಿಕೊಳ್ಳುತ್ತದೆ, ಇಳಿದಾಗ ಅದೇ ತೆರೆದುಕೊಂಡು ಗದ್ದೆಯ ನೀರನ್ನು ಹೊರಗೆ ಬಿಡುತ್ತದೆ. ಅಲ್ಲಿ ಬೆಳೆಯುವುದು ಕೊರ್ಗುಟ್ ಭತ್ತ, ಅದೂ ಉಪ್ಪು ತಡೆಯುವ ಜಾತಿ. ಮಾವ ಅದರ ಪಕ್ಕ ಒಂದು ಪಟ್ಟಿ ಕಗ್ಗ ಬಿತ್ತಿದರು. ಎರಡೂ ಅಕ್ಕಪಕ್ಕ ಬೆಳೆದು ನಿಂತದ್ದನ್ನು ನೋಡಿದ ದಿನ ತನಗೆ ಇನ್ನು ಊರಿಗೆ ವಾಪಸ್ ಹೋಗಬೇಕು ಅನಿಸಲಿಲ್ಲ ಅಂತ ಹೇಳುತ್ತಿದ್ದರು.

ಅವರ ವರ್ಷ ಶುರುವಾಗುತ್ತಿದ್ದದ್ದು ಮೊದಲ ಮಳೆಯಿಂದ. ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಕೊಟ್ಟಿಗೆಯ ಸುತ್ತ, ಹಾಳು ಬಿದ್ದ ಪಟ್ಟಿಯಲ್ಲಿ, ರಸ್ತೆ ಬದಿಯಲ್ಲಿ ಚಗಟೆ ಹಸಿರಾಗಿ ಏಳುತ್ತದೆ. ಚಗಟೆ ಬಲಿತರೆ ಬಾಯಿಗೆ ಹಾಕುವ ಹಾಗಿಲ್ಲ. ಗೇಣುದ್ದ ಆಗುವ ಮೊದಲೇ ತುದಿ ಚಿವುಟಬೇಕು. ಅದಕ್ಕೆ ಜೊತೆ ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಬೀಜ, ತೆಂಗಿನಕಾಯಿ ತುರಿ. ಅತ್ತೆಯ ಮನೆಯಲ್ಲೂ ಇದೇ ಪಲ್ಯ, ಅಮ್ಮನ ಮನೆಯಲ್ಲೂ ಇದೇ ಪಲ್ಯ. ಮದುವೆಯ ಹೊಸದರಲ್ಲಿ ಅತ್ತೆ ಬಡಿಸಿದ್ದನ್ನು ನೋಡಿ ಮಾವ ತಟ್ಟೆಯ ಮುಂದೆ ಮಾತೇ ಆಡದೆ ಕುಳಿತಿದ್ದರಂತೆ. ರುಚಿ ಹಿಡಿಸಲಿಲ್ಲ ಅಂತ ಅತ್ತೆ ತಿಳಿದುಕೊಂಡಿದ್ದರು.

ಚಗಟೆ ಮುಗಿಯುವಷ್ಟರಲ್ಲಿ ಕೆಸು. ಆಮೇಲೆ ಬದುವಿನ ಒಂದೆಲಗ, ತೋಟದ ಪಾತಿಗಳಲ್ಲಿ ತಾನೇ ಹಬ್ಬುವ ಗೋಣಿಸೊಪ್ಪು. ಕಳೆ ಕೀಳುವ ದಿನ ಮಾವ ಎರಡು ಬುಟ್ಟಿ ಇಟ್ಟುಕೊಳ್ಳುತ್ತಿದ್ದರು. ಒಂದು ದನಕ್ಕೆ, ಒಂದು ಮನೆಗೆ. ಭತ್ತದ ಸಾಲಿನಲ್ಲಿ ಬೇಡವಾದ ಗಿಡ ಬದುವಿನ ಮೇಲೆ ಬೇಕಾದ ಗಿಡ ಆಗಬಹುದು ಅನ್ನುವುದು ಅವರಿಗೆ ಯೋಚಿಸಿ ತಿಳಿದದ್ದಲ್ಲ. ಕೈ ತಾನಾಗಿಯೇ ಬೇರೆ ಬೇರೆ ಬುಟ್ಟಿಗೆ ಹೋಗುತ್ತಿತ್ತು.

ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತಿ ಬರುತ್ತವೆ, ಮೊಟ್ಟೆ ಇಡಲು. ಊರ ಹುಡುಗರಿಗೆ ಆ ರಾತ್ರಿ ಹಬ್ಬ. ಟಾರ್ಚ್ ಹಿಡಿದು ತೋಡಿನುದ್ದಕ್ಕೂ ಓಡಾಟ. ಮಾವನೂ ಹೋಗುತ್ತಿದ್ದರು, ಆದರೆ ಹಿಡಿಯಲು ಅಲ್ಲ, ನೋಡಲು. ಎಷ್ಟು ಹತ್ತಿದವು, ಯಾವ ತೋಡಿನಲ್ಲಿ ಹತ್ತಿದವು ಅಂತ ನೋಡಿಟ್ಟುಕೊಂಡು ಬರುತ್ತಿದ್ದರು. ಅವರು ಮೀನು ಹಿಡಿಯುವ ಕೂಳಿ ಇಡುತ್ತಿದ್ದದ್ದು ಭತ್ತ ಹಣ್ಣಾಗಿ ಗದ್ದೆಯ ನೀರು ಇಳಿಸುವಾಗ. ಆ ಹೊತ್ತಿಗೆ ಮರಿಗಳು ಬೆಳೆದು ನೀರಿನ ಜೊತೆ ವಾಪಸ್ ಹೊರಟಿರುತ್ತವೆ. "ಹತ್ತೂಕೆ ಬಿಡ್ರೋ, ಇಳೀವಾಗ ಹಿಡೀವಾ" ಅಂತ ಹುಡುಗರಿಗೆ ಹೇಳುತ್ತಿದ್ದರು. ಹುಡುಗರು ಕೇಳುತ್ತಿದ್ದದ್ದು ಅಪರೂಪ. ಆದರೂ ಪ್ರತಿ ವರ್ಷ ಹೇಳುತ್ತಿದ್ದರು.

ಈಗ ತುರಿಕೆಯ ವಿಷಯಕ್ಕೆ ಬರಬೇಕು. ಹೆಕ್ಕಿ ತಿನ್ನುವುದರ ಬಗ್ಗೆ ಬರೆಯುವವರು ಇದನ್ನು ಯಾಕೋ ಮುಟ್ಟುವುದೇ ಇಲ್ಲ. ಮಳೆಗಾಲದಲ್ಲಿ ತಾನಾಗಿ ಬರುವ ಎಷ್ಟೋ ಗಿಡಗಳು ಸುಮ್ನೆ ತಿನ್ನಲು ಬಿಡುವುದಿಲ್ಲ. ಕೆಸುವಿನ ಎಲೆ ದಂಟುಗಳಲ್ಲಿ ಆಕ್ಸಲೇಟಿನ ಹರಳುಗಳಿರುತ್ತವೆ, ಸೂಜಿಯಷ್ಟು ಚೂಪು. ಸರಿಯಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತದೆ, ನಾಲಿಗೆ ದಪ್ಪಗಾಗುತ್ತದೆ. ಸುವರ್ಣಗಡ್ಡೆಯ ಕಾಡು ಬಳಗದ ಲೂತಿ ಇದಕ್ಕಿಂತ ಒಂದು ಕೈ ಮೇಲು. ಕಳಲೆಯದು ಬೇರೆಯೇ ಕಥೆ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು.

ಮಾವ ಕೆಸು ತಂದರೆ ಮೊದಲು ಅಂಗಳದ ನೆರಳಿನಲ್ಲಿ ಹರಡಿ ಬಾಡಲು ಬಿಡುತ್ತಿದ್ದರು. ಹೆಚ್ಚುವ ಮೊದಲು ಅಂಗೈಗೆ ತೆಂಗಿನೆಣ್ಣೆ. ದಂಟಿನ ಸಿಪ್ಪೆಯನ್ನು ಬುಡದಿಂದ ತುದಿಗೆ ಒಂದೇ ಎಳೆಗೆ ಸುಲಿಯುತ್ತಿದ್ದರು. ನಡುವೆ ತುಂಡಾದರೆ ಅಲ್ಲಿಂದಲೇ ಮತ್ತೆ ಹಿಡಿದು ಎಳೆಯುತ್ತಿದ್ದರು. ಮಡಕೆಗೆ ಹಾಕುವಾಗ ಹುಳಿಯದೇ ದೊಡ್ಡ ಮಾತುಕತೆ. ಆಷಾಢದಲ್ಲಿ ಅಂಬಡೆಕಾಯಿ ಇನ್ನೂ ಎಳೆಯದು, ಅದರ ಹುಳಿ ಸಾಲದು, ಮುರುಗಲು (ಕೋಕಂ) ಸಿಪ್ಪೆ ಸೇರಿಸಬೇಕು ಅಂತ ಅತ್ತೆ. ಹುಣಸೆ ಸಾಕು ಅಂತ ಮಾವ. ಕೊನೆಗೆ ಮೂರೂ ಬೀಳುತ್ತಿತ್ತು. ಬೆಂದದ್ದನ್ನು ಮೊದಲು ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಮಾವ. ಒಂದು ಚಮಚ ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆರೆಯಲಿಲ್ಲ ಅಂತ ಖಾತ್ರಿಯಾದ ಮೇಲೆ ತಲೆ ಆಡಿಸುತ್ತಿದ್ದರು. ಅಲ್ಲಿಯವರೆಗೆ ಮಕ್ಕಳಿಗೆ ಬಡಿಸುವಂತಿಲ್ಲ.

ಇದನ್ನೆಲ್ಲ ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಗಿಡ ಗುರುತಿಸುವುದು ಈಗ ಸುಲಭ. ಫೋನ್ ತೋರಿಸಿದರೆ ಹೆಸರು ಬರುತ್ತದೆ. ಯಾವ ವಾರ ಕೀಳಬೇಕು, ಯಾವ ಹುಳಿ ಹಾಕಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದು ಅಡುಗೆಮನೆಯಲ್ಲಿ ಉಳಿದಿರುವ ತಿಳಿವಳಿಕೆ. ಮಾವ ಗದ್ದೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗದ್ದೆಗೆ ಸಲೀಸಾಗಿ ಓಡಾಡಿದ ಗಂಡಸು. ಅವರ ವಯಸ್ಸಿನವರಲ್ಲಿ ಅದು ಕಮ್ಮಿ.

ಮಾಡಹಾಗಲ ಅವರಿಗೆ ತುಂಬ ಇಷ್ಟ. ಗೋವಾದಲ್ಲಿ ಫಾಗ್ಲಾ ಅನ್ನುತ್ತಾರೆ. ಹಾಗಲದ ಬಳಗವಾದರೂ ಕಹಿ ಇಲ್ಲ. ದುಂಡಗೆ ಹೆಚ್ಚಿ, ರವೆ ಹಚ್ಚಿ ಕಾವಲಿಯಲ್ಲಿ ಹುರಿದರೆ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಬೇಕು. ಗುಡ್ಡದ ಪೊದೆಗಳಲ್ಲಿ ತಾನೇ ಹಬ್ಬುತ್ತದೆ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಗಡ್ಡೆ ಮಾತ್ರ ನೆಲದಡಿ ಉಳಿದಿರುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಮಾವ ಕೆಲವು ಗಡ್ಡೆ ತಂದು ಮೇಲಿನ ಗದ್ದೆಯ ಬೇಲಿಗೆ ನೆಟ್ಟರು. ಬಳ್ಳಿ ಹಬ್ಬಿತು, ಹಳದಿ ಹೂ ಬಿಟ್ಟಿತು, ಒಂದು ಕಾಯಿಯೂ ಕಟ್ಟಲಿಲ್ಲ.

ಮಾಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಅವರು ತಂದದ್ದೆಲ್ಲ ಗಂಡೇ ಆಗಿತ್ತು. ಹೆಣ್ಣು ಹೂವಿನ ಕೆಳಗೆ ಪುಟ್ಟ ಮುಳ್ಳುಗಾಯಿ ಮೊದಲೇ ಇರುತ್ತದೆ, ಗಂಡಿನಲ್ಲಿ ಬರೀ ತೊಟ್ಟು. ಮುಂದಿನ ಮಳೆಗಾಲದಲ್ಲಿ ಹೂ ನೋಡಿ, ಹೆಣ್ಣು ಬಳ್ಳಿಯ ಬುಡಕ್ಕೆ ಸುಣ್ಣ ಬಳಿದ ಕಲ್ಲಿಟ್ಟು ಗುರುತು ಮಾಡಿ ಬಂದರು. ಬೇಸಿಗೆಯಲ್ಲಿ ಆ ಕಲ್ಲುಗಳ ಹತ್ತಿರ ಅಗೆದು ಗಡ್ಡೆ ತಂದರು. ಆಮೇಲೆ ಸಂಜೆ ಹೊತ್ತು ಗಂಡು ಹೂ ಕಿತ್ತು, ಪಕಳೆ ಹಿಂದಕ್ಕೆ ಮಡಚಿ, ಹೆಣ್ಣು ಹೂವಿಗೆ ಮೆಲ್ಲಗೆ ಒರೆಸುವ ಕೆಲಸ. ನಾನು ಶಾಲೆಯ ರಜೆಗೆ ಹೋದಾಗ ಆ ಕೆಲಸ ನನ್ನದು. ಎತ್ತರದ ಹೂಗಳಿಗೆ ಮಾವ ಬಳ್ಳಿಯನ್ನು ಬಗ್ಗಿಸಿ ಹಿಡಿಯುತ್ತಿದ್ದರು. ಹಾಗೆ ಮುಟ್ಟಿದ ಹೂವಿನ ಕೆಳಗಿನ ಕಾಯಿ ದಪ್ಪಗಾಗುತ್ತ ಬರುವುದನ್ನು ನೋಡುವ ಖುಷಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಆ ಬೇಲಿಯ ಬಳ್ಳಿ ಕಾಡಿನದೋ ತೋಟದ್ದೋ? ಮಾವನ ಜಾಗದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಕುಳಾಗರದ ಅಂಚಿನ ಮುರುಗಲು ಮರಗಳೂ ಹಾಗೆಯೇ. ಹಕ್ಕಿ ಬಿತ್ತಿ ಹೋದದ್ದು, ಮಾವ ಕಾದು ಬೆಳೆಸಿದ್ದು. ಮುರುಗಲಿನಲ್ಲೂ ಗಂಡು ಮರ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ, ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಮೇ ತಿಂಗಳಲ್ಲಿ ಹಣ್ಣು ಒಡೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಮತ್ತೆ ಒಣಗಿಸುವ ಕೆಲಸ ಅತ್ತೆಯದು. ಬೀಜದಿಂದ ತೆಗೆದ ಮುರುಗಲ ತುಪ್ಪ ಮಾವನ ಒಡೆದ ಹಿಮ್ಮಡಿಗೆ. ಮಳೆ ಬೇಗ ಬಂದ ವರ್ಷ ಅರ್ಧ ಹಣ್ಣು ಮರದಲ್ಲೇ ಕೊಳೆಯುತ್ತಿತ್ತು.

ಅಣಬೆಯ ವಿಷಯದಲ್ಲಿ ಅವರು ಬಹಳ ಬಿಗಿ. ಮಳೆಗಾಲದ ನಡುವೆ ಗೆದ್ದಲಿನ ಹುತ್ತದ ಮೇಲೆ ಬಿಳಿ ಅಣಬೆ ಏಳುತ್ತದೆ. ಗೋವಾದಲ್ಲಿ ಅದಕ್ಕೆ ಭಾರೀ ಬೆಲೆ, ಎಲೆಯಲ್ಲಿ ಕಟ್ಟಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಈ ಅಣಬೆಯನ್ನು ಬೆಳೆಯುವುದು ಗೆದ್ದಲು. ಅಗಿದ ಎಲೆ ಕಡ್ಡಿಯ ಮೇಲೆ ಹುತ್ತದೊಳಗೆ ಅವು ಶಿಲೀಂಧ್ರ ಬೆಳೆಸುತ್ತವೆ, ಅದೇ ಹೊರಗೆ ಬಂದು ಅಣಬೆಯಾಗುತ್ತದೆ. ಗೆದ್ದಲು ಇಲ್ಲದೆ ಮನುಷ್ಯ ಅದನ್ನು ಬೆಳೆಯಲಾರ. ಮಾವ ಇದನ್ನು ಗೆದ್ದಲಿನ ಬೇಸಾಯ ಅಂತಲೇ ಹೇಳುತ್ತಿದ್ದರು. ಇನ್ನೊಬ್ಬ ರೈತನ ಗದ್ದೆಗೆ ಹೋದ ಹಾಗೆ ನಡೆದುಕೊಳ್ಳಬೇಕು ಅನ್ನುವುದು ಅವರ ನಿಯಮ. ಹುತ್ತಕ್ಕೆ ಗುದ್ದಲಿ ಹಾಕುವಂತಿಲ್ಲ. ಮೊಗ್ಗು ಕೀಳುವಂತಿಲ್ಲ. ಅರಳಿದವನ್ನು ಬುಡ ಅಲುಗಾಡದಂತೆ ಕೊಯ್ಯಬೇಕು, ಕೆಲವನ್ನು ಅಲ್ಲೇ ಬಿಡಬೇಕು. ಖೋತಿಗಾಂವ್ ಅಭಯಾರಣ್ಯದ ಒಳಗೆ ಕಾಲಿಡುವ ಮಾತೇ ಇಲ್ಲ. ಗುರುತು ಇಲ್ಲದ ಅಣಬೆ ಎಷ್ಟು ಚೆನ್ನಾಗಿದ್ದರೂ ಬುಟ್ಟಿಗೆ ಬರುತ್ತಿರಲಿಲ್ಲ. ಅನುಮಾನ ಬಂದರೆ ಇಡೀ ಬುಟ್ಟಿಯನ್ನೇ ತಿಪ್ಪೆಗೆ ಹಾಕಿದ್ದನ್ನು ನೋಡಿದ್ದೇನೆ.

ದುಡ್ಡಿನ ಲೆಕ್ಕದಲ್ಲಿ ಇದೆಲ್ಲ ದೊಡ್ಡ ಬದುಕು ಅಲ್ಲ. ತೆಂಗು, ಅಡಿಕೆ, ಗೇರುಬೀಜ ಮನೆ ನಡೆಸುತ್ತಿದ್ದವು. ಭತ್ತ ಮನೆಗೆ ಸಾಕಾಗುತ್ತಿತ್ತು. ಕೊಯ್ಲಾದ ಮೇಲೆ ಮೇಲಿನ ಗದ್ದೆಯಲ್ಲಿ ಕೆಂಪು ಹರಿವೆ, ಮೂಲಂಗಿ, ಅಲಸಂದೆ. ಅದನ್ನು ಅತ್ತೆ ಕಾಣಕೋಣದ ಚಾವಡಿ ಅನ್ನುವ ಪೇಟೆಯಲ್ಲಿ ಮಾರುತ್ತಿದ್ದರು. ಗೋವಾದ ತರಕಾರಿ ಜಾಸ್ತಿ ಬರುವುದು ಬೆಳಗಾವಿಯಿಂದ. ಆ ಲಾರಿ ಬಂದ ಮೇಲೆ ಊರಿನ ಬದನೆಗೆ ರೇಟಿಲ್ಲ. ಹಂದಿ, ಮಂಗಗಳ ಕಾಟ ಬೇರೆ. ಮಾವ ಗೊಣಗುತ್ತಿದ್ದರು, ಬೈಯುತ್ತಿದ್ದರು, ಮತ್ತೆ ಬಿತ್ತುತ್ತಿದ್ದರು.

ಅವರ ಇಡೀ ವರ್ಷದ ಓಡಾಟ ಒಂದೇ ಕಡೆ ಕಾಣಬೇಕು ಅಂದರೆ ಚೌತಿಯ ಮನೆಗೆ ಹೋಗಬೇಕಿತ್ತು. ನಮ್ಮ ಉತ್ತರ ಕನ್ನಡದಲ್ಲಿ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತೇವೆ. ಗೋವಾದಲ್ಲಿ ಅದು ಮಾಟೋಳಿ. ಮರದ ಚೌಕಟ್ಟನ್ನು ಮಾಡಿನಿಂದ ಇಳಿಬಿಟ್ಟು ಅದಕ್ಕೆ ಆ ಕಾಲದ ಹಣ್ಣು, ಕಾಯಿ, ಗಡ್ಡೆ, ಹೂ ಎಲ್ಲ ತೂಗುಹಾಕುವುದು. ಗೋವಾ ಸರ್ಕಾರದ ಕಲೆ ಮತ್ತು ಸಂಸ್ಕೃತಿ ಇಲಾಖೆ ಇದಕ್ಕೆ ಸ್ಪರ್ಧೆಯನ್ನೂ ನಡೆಸುತ್ತದೆ, ನೂರಾರು ಬಗೆ ಕಟ್ಟುವ ಮನೆಗಳಿವೆ. ಮಾವ ಸ್ಪರ್ಧೆಗೆ ಹೋಗಲಿಲ್ಲ. ಆದರೆ ಮಾಟೋಳಿಗೆ ಪೇಟೆಯಿಂದ ಒಂದು ಕಾಯಿಯೂ ಬರಕೂಡದು ಅನ್ನುವ ಹಟ ಇತ್ತು.

ಚೌತಿಯ ಹಿಂದಿನ ದಿನ ಬೆಳಿಗ್ಗೆಯೇ ಜಗುಲಿಯಲ್ಲಿ ರಾಶಿ ಬೀಳುತ್ತಿತ್ತು. ಮೊದಲು ಭಾರದವು: ಎಳನೀರಿನ ಗೊನೆ, ಅಡಿಕೆ ಗೊನೆ, ಬಾಳೆಗೊನೆ. ಇವನ್ನು ಚೌಕಟ್ಟಿನ ನಾಲ್ಕು ಕಡೆ ತೂಕ ನೋಡಿ ಕಟ್ಟಬೇಕು, ಇಲ್ಲದಿದ್ದರೆ ಇಡೀ ಮಾಟೋಳಿ ಒಂದು ಬದಿಗೆ ವಾಲುತ್ತದೆ. ಆಮೇಲೆ ಮಾದಲಕಾಯಿ, ಅಂಬಡೆ ಗೊಂಚಲು, ಬೇರು ಸಮೇತ ಕಿತ್ತ ಅರಿಶಿನದ ಗಿಡ, ಸೌತೆ, ಹೀರೆ, ಮಾಡಹಾಗಲ. ಗುಡ್ಡದಿಂದ ಕೆಂಪನೆಯ ಕವಂಡಾಳ. ಅದನ್ನು ತಿನ್ನುವುದಿಲ್ಲ, ನೋಡಲು ಚೆಂದ. ಅಲ್ಲಾಡಿಸಿದರೆ ಒಣ ಬೀಜ ಗಲಗಲ ಅನ್ನುವ ಗಾಗರ‍್ಯೊ ಕಾಯಿ. ಕೊನೆಗೆ ಕೆಳಗಿನ ಗದ್ದೆಯಿಂದ ಹಾಲು ತುಂಬುತ್ತಿರುವ ಭತ್ತದ ತೆನೆ. ಕಟ್ಟಲು ಪ್ಲಾಸ್ಟಿಕ್ ದಾರ ಮುಟ್ಟುತ್ತಿರಲಿಲ್ಲ. ಮರದ ತೊಗಟೆಯ ನಾರನ್ನು ನೀರಲ್ಲಿ ನೆನೆಸಿಟ್ಟು ಸೀಳಿಕೊಳ್ಳುತ್ತಿದ್ದರು. ಒಂದೊಂದೇ ಗಂಟು ಹಾಕುತ್ತ, ಇದು ಎಲ್ಲಿ ಸಿಕ್ಕಿತು, ಈ ವರ್ಷ ಅಲ್ಲಿ ಹೇಗಿದೆ ಅಂತ ಹೇಳುತ್ತ ಹೋಗುತ್ತಿದ್ದರು. ತೋಡಿನ ಬದಿಯ ಅಂಬಡೆ ಮರಕ್ಕೆ ಗೆದ್ದಲು ಹತ್ತಿದೆ. ಪಕ್ಕದವರು ಬದುವಿಗೆ ಕಳೆನಾಶಕ ಹೊಡೆದಿದ್ದಾರೆ, ಈ ಸಲ ಆ ಕಡೆ ಏನೂ ಇಲ್ಲ. ಮೇಲಿನ ಗುಡ್ಡದಲ್ಲಿ ರಸ್ತೆ ಮಾಡಿದ್ದಾರೆ, ಕವಂಡಾಳಕ್ಕೆ ಇನ್ನೂ ಮೇಲೆ ಹೋಗಬೇಕಾಯಿತು. ನಮಗೆ ಅದು ಹಬ್ಬದ ಅಲಂಕಾರ. ಅವರಿಗೆ ಅದು ಊರಿನ ನೆಲದ ಪಹಣಿ.

2023ರಲ್ಲಿ ಮುಂಗಾರು ತಡವಾಗಿತ್ತು. ಮಾವನಿಗೆ ಆಗಲೇ ಉಸಿರಾಟದ ತೊಂದರೆ ಇತ್ತು, ಬೇಸಿಗೆಯಿಡೀ ಜಗುಲಿಯಲ್ಲೇ ಕುಳಿತಿದ್ದರು. ಬಿತ್ತನೆಗೆ ತೆಗೆದಿಟ್ಟ ಬೀಜವನ್ನು ಎರಡು ಸಲ ಬಿಸಿಲಿಗೆ ಹಾಕಿಸಿದರು. ಮಳೆ ಬರುವ ಮೊದಲೇ ಹೋದರು. ಆ ವರ್ಷ ಸೂತಕ, ಚೌತಿ ಮಾಡಲಿಲ್ಲ. ಕೆಳಗಿನ ಗದ್ದೆಯನ್ನು ಯಾರೂ ಬಿತ್ತಲೂ ಇಲ್ಲ. ಒಡ್ಡಿನಲ್ಲಿ ಏಡಿ ಮಾಡಿದ ತೂತುಗಳನ್ನು ಪ್ರತಿ ವರ್ಷ ಮಳೆಗೆ ಮೊದಲು ಹಸಿ ಮಣ್ಣು ಮೆತ್ತಿ ಮುಚ್ಚಬೇಕು. ಅದೂ ಆಗಲಿಲ್ಲ. ತೂತು ದೊಡ್ಡದಾಗಿ ಒಂದು ಕಡೆ ಒಡ್ಡೇ ಕುಸಿಯಿತು.

ಮುಂದಿನ ವರ್ಷದ ಚೌತಿಗೆ ಮಾವನ ಮಗ ಮಾಟೋಳಿ ಕಟ್ಟಿದ. ಅವನಿಗೆ ಚಾವಡಿಯಲ್ಲಿ ಕೆಲಸ, ರಜೆ ಹಾಕಿ ಎರಡು ದಿನ ಗುಡ್ಡ ತಿರುಗಿದ. ನಾನೂ ಜೊತೆಗೆ ಹೋಗಿದ್ದೆ. ಗುಡ್ಡದ ಸಾಮಾನು ಸಿಕ್ಕಿತು. ಕವಂಡಾಳ ಸಿಕ್ಕಿತು, ಕಾಡು ಹಣ್ಣು ಸಿಕ್ಕಿತು. ಸಿಗದೆ ಹೋದದ್ದು ಕೆಳಗಿನದು. ಭತ್ತದ ತೆನೆ ಇಲ್ಲ, ಅದು ಹೇಗೂ ಗೊತ್ತಿತ್ತು. ಆದರೆ ಬದುವಿನ ಒಂದೆಲಗವೂ ಇಲ್ಲ, ತೋಡಿನ ಕೆಸುವೂ ಇಲ್ಲ. ಉಪ್ಪುನೀರು ನುಗ್ಗಿದ ಕಡೆಯೆಲ್ಲ ಹುಲ್ಲು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಸಸಿಗಳು. ಮೀನೂ ಹತ್ತಿರಲಿಲ್ಲ. ಮೇಲಿನ ಗದ್ದೆಯ ಬೇಲಿಯಲ್ಲಿ ಪೊದೆ ಬೆಳೆದು ಮಾಡಹಾಗಲದ ಬಳ್ಳಿ ಮುಚ್ಚಿಹೋಗಿತ್ತು. ಕಾಯಿಯನ್ನು ಪೇಟೆಯಿಂದ ತಂದು ಕಟ್ಟಿದೆವು. ಮಾವ ಉಳುವುದನ್ನು ನಿಲ್ಲಿಸಿದ ಎರಡೇ ಮಳೆಗಾಲಕ್ಕೆ, ಅವರು ಬಿತ್ತದೆ ಇದ್ದದ್ದೂ ಹೋಯಿತು. ಗುಡ್ಡ, ಕಾಡು ತಮ್ಮ ಪಾಡಿಗೆ ತಾವು ಇರಬಲ್ಲವು. ಬದುವಿನ ಊಟಕ್ಕೆ ಬದು ಕಟ್ಟುವವರು ಬೇಕು.

ಅದಕ್ಕೇ ಕಾಡಿನ ತರಕಾರಿ ಉಳಿಸಬೇಕು ಅನ್ನುವ ಮಾತು ಕೇಳಿದಾಗ ನನ್ನ ಗಮನ ಗದ್ದೆಯ ಕಡೆಗೇ ಹೋಗುತ್ತದೆ. ಗೋವಾದಲ್ಲಿ 2023ರಲ್ಲಿ ಒಂದು ಕಾನೂನು ಬಂತು. ಭತ್ತದ ಗದ್ದೆಯನ್ನು ರೈತರಲ್ಲದವರಿಗೆ ಮಾರಲು ಅದು ಕಡಿವಾಣ ಹಾಕುತ್ತದೆ. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಎಷ್ಟೋ ಗದ್ದೆ ಬಂಗಲೆಯಾಗುತ್ತಿತ್ತು. ಆದರೆ ಮಾರದೆ ಉಳಿದ ಗದ್ದೆಯನ್ನು ಉಳುವವರು ಯಾರು? ಖಾಜನ್ ಗದ್ದೆಯಲ್ಲಿ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವೂ ಅಲ್ಲ. ನನ್ನ ಒಡ್ಡು ಗಟ್ಟಿ ಇದ್ದು ಪಕ್ಕದವರದು ಒಡೆದರೆ ಉಪ್ಪು ಇಬ್ಬರಿಗೂ ಬರುತ್ತದೆ. ಒಡ್ಡು ಕಟ್ಟುವ ಕೂಲಿಗೆ, ಮರದ ಬಾಗಿಲಿಗೆ, ಊರಿನ ಭತ್ತ ಬಿತ್ತುವವರಿಗೆ ದುಡ್ಡು ಸಿಗಬೇಕು. ಮಾವನಂಥವರು ಆ ಕೆಲಸವನ್ನು ಲೆಕ್ಕ ಕೇಳದೆ ಮಾಡಿಕೊಂಡು ಬಂದರು. ಮುಂದಿನವರೂ ಹಾಗೇ ಮಾಡಲಿ ಅನ್ನುವುದು ನ್ಯಾಯ ಅಲ್ಲ, ಅಲ್ವಾ?

ಮನೆಯಲ್ಲಿ ಸ್ವಲ್ಪ ದಿನ ಜಗಳವೂ ಆಯಿತು. ಕೆಳಗಿನ ಗದ್ದೆಗೆ ಮಣ್ಣು ತುಂಬಿಸಿ ತೆಂಗು ಹಾಕೋಣ ಅಂತ ಮಗ. ಅವನು ಹೇಳಿದ್ದರಲ್ಲೂ ಅರ್ಥ ಇದೆ. ಕೆಲಸ ಬಿಟ್ಟು ಕೆಸರಿಗೆ ಇಳಿ ಅಂತ ಅವನಿಗೆ ಯಾರು ಹೇಳಬೇಕು? ಅತ್ತೆ ಮಾತ್ರ ಒಪ್ಪಲಿಲ್ಲ. ಅದು ಅವರ ಅಪ್ಪನ ಗದ್ದೆ, ಗಂಡ ಐವತ್ತು ವರ್ಷ ಉತ್ತ ಗದ್ದೆ. ಕೊನೆಗೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಅತ್ತೆಯೇ ಕರೆಸಿ ಮಾತಾಡಿದರು. ಬೇಸಿಗೆಯಲ್ಲಿ ಹೊಳೆ ತಗ್ಗಿದಾಗ ಎಲ್ಲರೂ ಸೇರಿ ಒಡ್ಡು ಕಟ್ಟಿಸುವುದು, ಬಾಗಿಲಿನ ಹಲಗೆ ಹೊಸದು ಮಾಡಿಸುವುದು ಅಂತ ಆಗಿದೆ. ಉಳುಮೆಯನ್ನು ಪಕ್ಕದ ಮನೆಯ ಹುಡುಗ ಪಾಲಿಗೆ ಮಾಡುತ್ತಾನೆ. ಒಂದು ಮಳೆಗಾಲವಿಡೀ ಸಿಹಿನೀರು ನಿಂತು ಉಪ್ಪು ತೊಳೆದು ಹೋದ ಮೇಲೆಯೇ ಬಿತ್ತನೆ ಅಂತ ಅವನು ಮೊದಲೇ ಹೇಳಿದ್ದಾನೆ.

ಕೊರ್ಗುಟ್ ಬೀಜ ಊರಲ್ಲೇ ಸಿಗುತ್ತದೆ. ಮಾವ ತಂದಿದ್ದ ಕಗ್ಗ ಮಾತ್ರ ಉಳಿದಿಲ್ಲ, ಕಣಜದಲ್ಲಿದ್ದದ್ದಕ್ಕೆ ಹುಳ ಹಿಡಿದಿತ್ತು. ಅದನ್ನು ಕುಮಟಾದಿಂದ ತರುವುದು ನನ್ನ ಪಾಲಿನ ಕೆಲಸ. ಅಲ್ಲಿ ಇನ್ನೂ ಗಜನಿ ಮಾಡುವ ನಮ್ಮ ಚಿಕ್ಕಮಾವನಿಗೆ ಫೋನ್ ಮಾಡಿ ಹೇಳಿಟ್ಟಿದ್ದೇನೆ. ಕೊಯ್ಲಾದ ಕೂಡಲೇ ಬೀಜ ಬೇರೆ ತೆಗೆದಿಡುತ್ತಾರೆ. ಮಾಡಹಾಗಲದ ಬೇಲಿಯ ಪೊದೆಯನ್ನು ಅತ್ತೆ ಆಗಲೇ ಸವರಿಸಿದ್ದಾರೆ. ಗಡ್ಡೆಗಳು ಸತ್ತಿಲ್ಲ.